ಗಾಯಕನ ದನಿ ಇಳಿದಾಗ ಕೇಳಿ: ಮೈಕ್ ಸೆಟ್‌ನವನ ಕೆಲವು ಸಲಹೆ

ಅರಸೀಕೆರೆ ಕಡೆ ನನ್ನದೊಂದು ಮೈಕ್ ಸೆಟ್ ಇದೆ. ಗಣಪತಿ ಹಬ್ಬ, ರಾಜ್ಯೋತ್ಸವ, ಊರಹಬ್ಬ ಬಂತೆಂದರೆ ಆರ್ಕೆಸ್ಟ್ರಾದವರ ಎದುರು ಮಿಕ್ಸರ್ ಹಿಡಿದು ಕೂರುತ್ತೇನೆ. ನೆಚ್ಚಿನ ಗಾಯಕ ಯಾರು ಅಂತ ಮಾತು ಶುರುವಾದರೆ ಸಾಕು, ಎಲ್ಲರೂ ‘ಅವನು ಎಷ್ಟು ಮೇಲೆ ಹೋಗ್ತಾನೆ ಗೊತ್ತಾ’ ಅನ್ನುತ್ತಾರೆ. ನಾನು ದನಿ ಇಳಿಯುವ ಜಾಗ ಕೇಳುತ್ತೇನೆ. ಮೇಲಿನ ಸ್ವರವನ್ನು ಜೋರಾಗಿ ಉಸಿರು ನೂಕಿ ಹೇಗೋ ಮುಟ್ಟಬಹುದು. ಕೆಳಗೆ, ಮೆಲ್ಲಗೆ ಹಾಡುವಾಗ ಆ ನೂಕು ಇರುವುದಿಲ್ಲ. ಪಳಗದ ದನಿ ಅಲ್ಲಿ ಬರೀ ಗಾಳಿಯಾಗುತ್ತದೆ, ಶ್ರುತಿ ಜಾರುತ್ತದೆ, ಮಾತು ಮಸುಕಾಗುತ್ತದೆ.

ಹೀಗೆ ಕೇಳಬೇಕೆಂದರೆ ಮೊದಲು ಫೋನಿನಲ್ಲಿ ಬಾಸ್ ಬೂಸ್ಟ್, ‘ಸರೌಂಡ್’ ಇತ್ಯಾದಿ ಎಲ್ಲ ಆಫ್ ಮಾಡಿ. ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ ಇರಲಿ. ಜೋರಾಗಿ ಕೇಳಿದರೆ ಎಲ್ಲ ದನಿಯೂ ಚೆನ್ನಾಗಿಯೇ ಅನಿಸುತ್ತದೆ. ದುಬಾರಿ ಹೆಡ್‌ಫೋನ್ ಬೇಡ, ಸಾಧಾರಣ ಇಯರ್‌ಫೋನ್ ಸಾಕು. ಒಂದು ದಿನಕ್ಕೆ ಒಂದೇ ಹಾಡು ಹಿಡಿಯಿರಿ.

ಶುರುವಿಗೆ ಪಿ.ಬಿ. ಶ್ರೀನಿವಾಸ್. ‘ನಾಗರಹಾವು’ (1972) ಚಿತ್ರದ ‘ಬಾರೆ ಬಾರೆ’ ಹಾಕಿ. ‘ಬ’ ಅನ್ನುವುದು ನಮ್ಮಂಥವರಿಗೆ ತಲೆನೋವಿನ ಅಕ್ಷರ. ತುಟಿ ಮುಚ್ಚಿ ತೆರೆದಾಗ ಗಾಳಿ ಹೊರಗೆ ನುಗ್ಗಿ ಮೈಕಿಗೆ ಬಡಿಯುತ್ತದೆ, ಸ್ಪೀಕರಿನಲ್ಲಿ ‘ಧಪ್’ ಅನ್ನುತ್ತದೆ. ಪಿ.ಬಿ.ಎಸ್. ಆ ‘ಬಾ’ವನ್ನು ಎಷ್ಟು ಹಗುರವಾಗಿ ಬಿಡುತ್ತಾರೆ ನೋಡಿ. ದನಿ ಸಣ್ಣದು, ಆದರೆ ತುಂಬಿಕೊಂಡಿದೆ. ಅದು ವಾದ್ಯದವರೂ ಗಾಯಕರೂ ಒಟ್ಟಿಗೇ ಕೂತು ರೆಕಾರ್ಡ್ ಮಾಡುತ್ತಿದ್ದ ಕಾಲ. ಒಂದು ಸಾಲು ಕೆಟ್ಟರೆ ಅದನ್ನಷ್ಟೇ ಕತ್ತರಿಸಿ ಸರಿ ಮಾಡುವುದು ಈಗಿನಷ್ಟು ಸುಲಭ ಇರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟು ಇನ್ನೊಮ್ಮೆ ಕೇಳಿ. ಈ ಸಲ ಪ್ರತಿ ಸಾಲಿನ ಕೊನೆಯ ಅಕ್ಷರ ಮಾತ್ರ ಗಮನಿಸಿ. ಅವರು ಸಾಲನ್ನು ಕೈಬಿಡುವುದಿಲ್ಲ, ನಿಧಾನವಾಗಿ ಕೆಳಗಿಡುತ್ತಾರೆ. ನನಗೆ ಅವರಷ್ಟು ಇಷ್ಟವಾದ ದನಿ ಇನ್ನೊಂದಿಲ್ಲ.

ಆಮೇಲೆ ರಾಜ್‌ಕುಮಾರ್. ‘ಸಂಪತ್ತಿಗೆ ಸವಾಲ್’ (1974) ಚಿತ್ರದ ‘ಯಾರೇ ಕೂಗಾಡಲಿ’ಯಿಂದ ಅವರು ಗಾಯಕರಾಗಿ ಗಟ್ಟಿಯಾಗಿ ನೆಲೆಯಾದರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಗಂಟಲು ಅದು. ಹಿಂದಿನ ಸಾಲಿನಲ್ಲಿ ಕೂತವನಿಗೂ ಮಾತು ಮುಟ್ಟಬೇಕು ಅನ್ನುವ ಹಟ ಪ್ರತಿ ಅಕ್ಷರದಲ್ಲೂ ಕೇಳಿಸುತ್ತದೆ. ಒತ್ತಕ್ಷರ, ಮಹಾಪ್ರಾಣ ಒಂದೂ ಕಳೆದುಹೋಗುವುದಿಲ್ಲ. ‘ಜೀವನ ಚೈತ್ರ’ (1992) ಚಿತ್ರದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಎಲ್ಲರೂ ಆ ಹಾಡಿನ ಏರುವ ಜಾಗಗಳನ್ನು ಹೊಗಳುತ್ತಾರೆ. ನೀವು ಏರಿದ ದನಿ ವಾಪಸ್ ಷಡ್ಜಕ್ಕೆ, ಅಂದರೆ ಮೂಲ ಸ್ವರ ‘ಸ’ಕ್ಕೆ, ಬಂದು ಕೂರುವ ಜಾಗ ಕೇಳಿ. ತೂಕ ಕಡಿಮೆಯಾಗಿದೆಯಾ, ದಣಿವು ಕಾಣುತ್ತಾ? ಇಲ್ಲ, ಅಲ್ವಾ?

ಇಂಪಾದ ದನಿ ಮಾತ್ರ ಒಳ್ಳೆಯ ದನಿ ಅಂದುಕೊಂಡವರು ಸಿ. ಅಶ್ವತ್ಥ್ ಅವರನ್ನು ಕೇಳಬೇಕು. ಶರೀಫರ ‘ತರವಲ್ಲ ತಗಿ ನಿನ್ನ ತಂಬೂರಿ’ಯಲ್ಲಿ ಎಷ್ಟು ‘ತ’ ಇದೆ ನೋಡಿ. ನಾಲಿಗೆ ಹಲ್ಲಿಗೆ ತಾಗಿದ್ದು ಪ್ರತಿ ಸಲ ಕೇಳಿಸಬೇಕು. ದನಿ ಒರಟು, ಆದರೆ ಆ ಪದಕ್ಕೆ ಅದೇ ಒರಟು ಬೇಕು. ಮಿಕ್ಸರಿನಲ್ಲಿ ಟ್ರೆಬಲ್ (ದನಿಯ ಚೂಪು ಭಾಗ) ತಗ್ಗಿಸಿ ಇಂಥ ದನಿಯನ್ನು ನಯ ಮಾಡಿದರೆ ಹಾಡೇ ಸತ್ತುಹೋಗುತ್ತದೆ. ಶಿವಮೊಗ್ಗ ಸುಬ್ಬಣ್ಣನವರ ‘ಕಾಡು ಕುದುರೆ’ಗೂ ಇದೇ ಮಾತು. ಅಲ್ಲಿ ಗಂಟಲು ಪೂರ್ತಿ ತೆರೆದಿದೆ, ಮುಚ್ಚುಮರೆ ಇಲ್ಲ.

ಉಸಿರನ್ನು ಬೇರೆಯಾಗಿಯೇ ಗಮನಿಸಿ. ಕಣ್ಣು ಮುಚ್ಚಿ, ಗಾಯಕ ಎಲ್ಲಿ ಉಸಿರು ತೆಗೆದುಕೊಂಡ ಅಂತ ಬೆರಳು ತಟ್ಟುತ್ತಾ ಹೋಗಿ. ಪದದ ನಡುವೆ ತೆಗೆದುಕೊಂಡರೆ ಅರ್ಥ ಮುರಿಯುತ್ತದೆ. ಗದಗಿನ ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಉಸಿರಿಗೆ ಬರವೇ ಇಲ್ಲ. ಅದರ ಬೆನ್ನಿಗೇ ಕುಮಾರ ಗಂಧರ್ವರನ್ನು ಕೇಳಿ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯವರು. ಕ್ಷಯ ಬಂದು ಅವರ ಒಂದು ಶ್ವಾಸಕೋಶ ಹಾಳಾಯಿತು, ವರ್ಷಗಟ್ಟಲೆ ಹಾಡುವಂತಿರಲಿಲ್ಲ. ವಾಪಸ್ ಬಂದಾಗ ಚಿಕ್ಕಚಿಕ್ಕ ತುಣುಕುಗಳಲ್ಲಿ ಹಾಡಿದರು. ಆ ತುಣುಕುಗಳ ನಡುವಿನ ಮೌನವನ್ನೂ ರಾಗಕ್ಕೆ ಸೇರಿಸಿದರು. ಇದ್ದ ಉಸಿರನ್ನು ಎಲ್ಲಿ ಖರ್ಚು ಮಾಡಬೇಕೆಂದು ಅವರಷ್ಟು ತಿಳಿದವರು ಕಡಿಮೆ.

ಕೊನೆಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಬೇರೆ ಬೇರೆ ನಟರಿಗೆ ಹಾಡಿದ್ದನ್ನು ಅಕ್ಕಪಕ್ಕ ಇಟ್ಟು ಕೇಳಿ. ವಿಷ್ಣುವರ್ಧನ್‌ಗೆ ಒಂದು, ಶಂಕರ್‌ನಾಗ್‌ಗೆ ಒಂದು. ಅದೇ ಗಂಟಲು, ಬೇರೆ ಮನುಷ್ಯ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದಿದ್ದರೂ ಗದಗಿನ ಸಂಗೀತ ಗುರು ಪಂಚಾಕ್ಷರ ಗವಾಯಿಗಳ ಕುರಿತ 1995ರ ಚಿತ್ರದಲ್ಲಿ ‘ಉಮಂಡು ಘುಮಂಡು’ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ದನಿಯ ಪರೀಕ್ಷೆಗೆ ನಾನು ಆ ಹಾಡನ್ನು ಹೇಳುವುದಿಲ್ಲ. ಅವರು ಟಿ.ವಿ.ಯಲ್ಲಿ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಹುಡುಕಿ. ಸ್ಪರ್ಧಿ ಹಾಡಿದ ಮೇಲೆ ತಿದ್ದಲು ತಾವೇ ಒಂದು ಸಾಲು ಸುಮ್ನೆ ಗುನುಗುತ್ತಾರಲ್ಲ, ಅಲ್ಲಿ ನಿಲ್ಲಿಸಿ. ವಾದ್ಯ ಇಲ್ಲ, ತಯಾರಿ ಇಲ್ಲ, ಮಾತಾಡುವಷ್ಟೇ ದನಿ. ಆ ಒಂದು ಸಾಲನ್ನು ಹಿಂದೆ ಹಾಕಿ ಹಾಕಿ ಕೇಳಿ. ಆಮೇಲೆ ನಿಮ್ಮ ನೆಚ್ಚಿನ ಈಗಿನ ಗಾಯಕ ಯಾರೇ ಇರಲಿ, ಅವರು ಹೀಗೆ ಬರಿಗಂಟಲಲ್ಲಿ ಗುನುಗಿದ ಒಂದು ವಿಡಿಯೊ ಹುಡುಕಿ ಪಕ್ಕಕ್ಕಿಟ್ಟು ನೋಡಿ.