ಕರೆಂಟ್ ಹೋದರೂ ಪುಟ ತೆರೆಯಿತು

ಗಿರಿನಗರದ ನಮ್ಮ ಮನೆಯಲ್ಲಿ ಜೋರು ಮಳೆ ಬಂದರೆ ಕರೆಂಟ್ ಹೋಗುತ್ತದೆ, ಜೊತೆಗೆ ವೈಫೈ ಕೂಡ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಯುಮೆಂಟೇಶನ್ ಲ್ಯಾಪ್‌ಟಾಪ್‌ನಲ್ಲೇ ಇತ್ತು. ಆದರೂ ನಾನು ಡಾಕ್ಯುಮೆಂಟೇಶನ್ ಪುಟ ತಯಾರಿಸುವ ಸಾಫ್ಟ್‌ವೇರ್ ಆದ ಸ್ಫಿಂಕ್ಸ್‌ನಲ್ಲಿ ಬಿಲ್ಡ್ ಮಾಡಿದ ಪುಟದಿಂದ ಅದರ ಲಿಂಕ್ ಒತ್ತಿದರೆ ಅದು ಇಂಟರ್ನೆಟ್ಟಿಗೇ ಹೋಗುತ್ತಿತ್ತು.

ತಪ್ಪು ಇಂಟರ್‌ಸ್ಫಿಂಕ್ಸ್ ಮ್ಯಾಪಿಂಗ್‌ನಲ್ಲಿತ್ತು. ಬೇರೆ ಡಾಕ್ಯುಮೆಂಟೇಶನ್‌ಗೆ ಲಿಂಕ್ ಕೊಡಲು ಸ್ಫಿಂಕ್ಸ್‌ನಲ್ಲಿರುವ ಸೆಟ್ಟಿಂಗ್ ಅದು. ಅಲ್ಲಿ ಎರಡು ವಿಳಾಸ ಇರುತ್ತವೆ. ಮೊದಲನೆಯದು ಲಿಂಕ್ ಎಲ್ಲಿಗೆ ಹೋಗಬೇಕು ಎನ್ನುವುದು. ಎರಡನೆಯದು ಆಬ್ಜೆಕ್ಟ್ಸ್ ಡಾಟ್ ಐಎನ್‌ವಿ ಫೈಲ್ ಇರುವ ಜಾಗ. ಯಾವ ಫಂಕ್ಷನ್ ಯಾವ ಪುಟದಲ್ಲಿದೆ ಎಂಬ ಪಟ್ಟಿ ಅದು. ನಾನು ಎರಡನೆಯದನ್ನು ಮಾತ್ರ ಡಿಸ್ಕ್‌ಗೆ ತಿರುಗಿಸಿದ್ದೆ. ಬಿಲ್ಡ್‌ನಲ್ಲಿ ಒಂದು ವಾರ್ನಿಂಗ್ ಕೂಡ ಬರಲಿಲ್ಲ. ಅದಕ್ಕೇ ಎರಡು ಸಂಜೆ ಸುಮ್ನೆ ಹೋಯಿತು.

ಮೊದಲನೆಯದಕ್ಕೂ ನನ್ನ ಲ್ಯಾಪ್‌ಟಾಪ್‌ನ ಫೋಲ್ಡರ್‌ನದೇ, 'ಫೈಲ್' ಎಂದು ಶುರುವಾಗುವ ಪೂರ್ತಿ ವಿಳಾಸ ಕೊಟ್ಟೆ. ಹಳೆಯ ಬಿಲ್ಡ್ ಅಳಿಸಿ ಮತ್ತೆ ಮಾಡಿದೆ. ಸರಿಯಾಯಿತು! ಈ ಬಿಲ್ಡನ್ನು ಬೇರೆಯವರಿಗೆ ಮಾತ್ರ ಕಳಿಸಬೇಡಿ. ಅವರ ಲ್ಯಾಪ್‌ಟಾಪ್‌ನಲ್ಲಿ ಅದೇ ಫೋಲ್ಡರ್ ಇರಬೇಕಲ್ವಾ?