ಪೊರೆ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಸಹಾಯಧನ: ಒಡಂಬಡಿಕೆಯಿಂದ ಬಿಲ್ಲಿನವರೆಗೆ

ಬಡವರಿಗೆ ಉಚಿತವಾಗಿ ಕಣ್ಣಿನ ಪೊರೆ ತೆಗೆಯುವ ಟ್ರಸ್ಟ್ ಆಸ್ಪತ್ರೆಗಳು ಸರ್ಕಾರದಿಂದ ಸಹಾಯಧನ ಪಡೆಯಲು ಇರುವ ಮುಖ್ಯ ದಾರಿ, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ. ಮೊದಲು ಪೂರ್ತಿ ಕೇಂದ್ರದ ವೆಚ್ಚದಲ್ಲಿ ನಡೆಯುತ್ತಿದ್ದ ಈ ಕಾರ್ಯಕ್ರಮ ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನದೊಳಗೆ ಸೇರಿದ್ದು, ಕರ್ನಾಟಕದಲ್ಲಿ ವೆಚ್ಚದ ಶೇ 60ರಷ್ಟನ್ನು ಕೇಂದ್ರವೂ ಶೇ 40ರಷ್ಟನ್ನು ರಾಜ್ಯವೂ ಭರಿಸುತ್ತವೆ. ಆಸ್ಪತ್ರೆಯ ವ್ಯವಹಾರವೆಲ್ಲ ಜಿಲ್ಲಾ ಮಟ್ಟದ ಆರೋಗ್ಯ ಸೊಸೈಟಿಯೊಡನೆ.

ಮೊದಲ ಕೆಲಸ ಒಡಂಬಡಿಕೆ. ಸಂಸ್ಥೆಯ ನೋಂದಣಿ ಪತ್ರ, ಲೆಕ್ಕಪರಿಶೋಧಕರು ಸಹಿ ಮಾಡಿದ ವರದಿಗಳು, ಶಸ್ತ್ರಚಿಕಿತ್ಸಕರ ಅರ್ಹತಾ ಪತ್ರ ಮತ್ತು ಬ್ಯಾಂಕ್ ಖಾತೆಯ ವಿವರದೊಂದಿಗೆ ಜಿಲ್ಲಾ ಕಾರ್ಯಕ್ರಮಾಧಿಕಾರಿಗೆ ಅರ್ಜಿ ಕೊಡಬೇಕು. ಸಹಿ ಹಾಕುವ ಮುನ್ನ ಎರಡು ಷರತ್ತುಗಳನ್ನು ನಿಧಾನವಾಗಿ ಓದುವುದು ಒಳ್ಳೆಯದು: ಕೆಲಸದ ವ್ಯಾಪ್ತಿಗೆ ಬರುವ ತಾಲ್ಲೂಕುಗಳು ಯಾವುವು, ಶಸ್ತ್ರಚಿಕಿತ್ಸೆ ಎಲ್ಲಿ ನಡೆಯಬೇಕು. ಶಿಬಿರದಲ್ಲಿ ತಪಾಸಣೆ ಮಾಡಿ ರೋಗಿಗಳನ್ನು ಆರಿಸಬಹುದು. ಶಸ್ತ್ರಚಿಕಿತ್ಸೆ ಮಾತ್ರ ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಇದನ್ನು ಅತಿಯಾದ ಕಟ್ಟುನಿಟ್ಟು ಎನ್ನುವವರು 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ನಡೆದ ಶಿಬಿರವನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಸೋಂಕಿನಿಂದ 84 ಮಂದಿಯ ಕಣ್ಣು ಹಾಳಾಗಿ, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ದರದ ವಿಷಯಕ್ಕೆ ಬಂದರೆ, ಸ್ವಯಂಸೇವಾ ಸಂಸ್ಥೆಗಳಿಗೆ ಮಾರ್ಗಸೂಚಿಯಲ್ಲಿ ನಿಗದಿಯಾದ ಮೊತ್ತ ಒಂದು ಪೊರೆ ಶಸ್ತ್ರಚಿಕಿತ್ಸೆಗೆ ₹2,000. ಪೊರೆ ತೆಗೆದ ಕಣ್ಣಿನೊಳಗೆ ಇಡುವ ಕೃತಕ ಲೆನ್ಸ್, ಔಷಧಿ, ಆಮೇಲಿನ ಕನ್ನಡಕ, ಊರಿನಿಂದ ರೋಗಿಯನ್ನು ಕರೆತರುವ ಖರ್ಚು ಎಲ್ಲವೂ ಅದರಲ್ಲೇ ಸೇರಿದೆ. ಹೀಗಾಗಿ ‘ಒಳ್ಳೆಯ ಲೆನ್ಸ್’ ಹೆಸರಿನಲ್ಲಿ ರೋಗಿಯಿಂದ ಹಣ ಪಡೆದು, ಅದೇ ಪ್ರಕರಣವನ್ನು ಸಹಾಯಧನದ ಪಟ್ಟಿಗೂ ಸೇರಿಸುವಂತಿಲ್ಲ. ಈ ಮೊತ್ತದಲ್ಲಿ ಖರ್ಚು ಸರಿದೂಗುವುದು ಕಷ್ಟವೆಂಬುದು ನಿಜ. ಉಳಿದದ್ದನ್ನು ದಾನಿಗಳಿಂದ ತುಂಬಿಕೊಳ್ಳಬೇಕೇ ಹೊರತು ರೋಗಿಯ ಜೇಬಿನಿಂದಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ರೋಗಿಯ ಕಡತದಲ್ಲಿ. ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ಫೋನ್ ಸಂಖ್ಯೆ, ಯಾವ ಕಣ್ಣು, ಶಸ್ತ್ರಚಿಕಿತ್ಸೆಗೆ ಮೊದಲಿನ ದೃಷ್ಟಿ, ಶಸ್ತ್ರಚಿಕಿತ್ಸಕರ ಸಹಿ ಇವೆಲ್ಲ ಅದೇ ದಿನ ದಾಖಲಾಗಬೇಕು. ಲೆನ್ಸ್‌ನ ಡಬ್ಬಿಯೊಳಗೆ ಅದರ ಪವರ್, ಸರಣಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮುದ್ರಿಸಿದ ಸ್ಟಿಕ್ಕರ್‌ಗಳಿರುತ್ತವೆ. ಒಂದನ್ನು ಕೇಸ್ ಶೀಟಿಗೂ ಇನ್ನೊಂದನ್ನು ಥಿಯೇಟರಿನ ರಿಜಿಸ್ಟರಿಗೂ ಆಗಲೇ ಅಂಟಿಸಿಬಿಡಬೇಕು. ಸಂಜೆಗೆಂದು ಟ್ರೇಯಲ್ಲಿ ಒಟ್ಟು ಹಾಕಿಟ್ಟರೆ ಯಾರದ್ದು ಯಾವುದೆಂದು ಹೊಂದಿಸುವುದು ಸಾಧ್ಯವಿಲ್ಲ. ಒಂದೂವರೆ ತಿಂಗಳೊಳಗೆ ರೋಗಿಯನ್ನು ಮತ್ತೆ ಪರೀಕ್ಷಿಸಿ, ಆಗಿನ ದೃಷ್ಟಿಯನ್ನೂ ಕನ್ನಡಕ ಕೊಟ್ಟದ್ದನ್ನೂ ಬರೆಯಬೇಕು. ಆ ಅಂಕಣ ಖಾಲಿ ಇದ್ದರೆ, ಎಷ್ಟೇ ಚೆನ್ನಾಗಿ ಆದ ಶಸ್ತ್ರಚಿಕಿತ್ಸೆಯಾದರೂ ಕಚೇರಿಯ ಲೆಕ್ಕದಲ್ಲಿ ಅರ್ಧ ಮುಗಿದ ಕೆಲಸವೇ.

ಆಮೇಲೆ ಬಿಲ್ಲು. ರೋಗಿಗಳ ಪಟ್ಟಿ, ಕಡತದ ಪ್ರತಿಗಳು ಮತ್ತು ಕೋರಿಕೆ ಪತ್ರವನ್ನು ಜಿಲ್ಲಾ ಕಚೇರಿಗೆ ಸಲ್ಲಿಸಬೇಕು. ಅಲ್ಲಿಂದ ಆಯ್ದ ಕೆಲವರಿಗೆ ಫೋನ್ ಹೋಗಬಹುದು, ಇಲ್ಲವೇ ಸಿಬ್ಬಂದಿ ಮನೆಗೇ ಬರಬಹುದು. ಬಲಗಣ್ಣಿನ ಬದಲು ಎಡಗಣ್ಣು ಎಂದು ಬರೆದಂಥ ಕೈತಪ್ಪೂ ಆಗ ಬಯಲಿಗೆ ಬಂದು, ಇಡೀ ಪಟ್ಟಿಯ ಮೇಲೆ ಅನುಮಾನ ಮೂಡುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಹಣ ಪಡೆದ ಶಸ್ತ್ರಚಿಕಿತ್ಸೆಯನ್ನು ಇಲ್ಲಿ ಮತ್ತೆ ತೋರಿಸುವುದು ಮಾತ್ರ ಕೈತಪ್ಪಲ್ಲ, ಎರಡು ಬಾರಿಯ ವಸೂಲಿ. ಎರಡೂ ಯೋಜನೆಗಳಲ್ಲಿರುವ ಆಸ್ಪತ್ರೆ, ಪ್ರತಿ ರೋಗಿ ಯಾವ ಯೋಜನೆಯವರೆಂದು ದಾಖಲಾತಿಯ ಹೊತ್ತಿಗೇ ಕಡತದ ಮೇಲೆ ಬರೆಯುವ ಪದ್ಧತಿ ಇಟ್ಟುಕೊಳ್ಳಬೇಕು.

ಅನುದಾನಕ್ಕೆ ಮಂಜೂರಾತಿ ಸಿಗುವುದು ಆರ್ಥಿಕ ವರ್ಷದ ಲೆಕ್ಕದಲ್ಲಿ. ಆದ್ದರಿಂದ ಬಿಲ್ಲುಗಳನ್ನು ಮಾರ್ಚ್‌ವರೆಗೆ ಕೂಡಿಡದೆ ತಿಂಗಳು ತಿಂಗಳು ಸಲ್ಲಿಸಿ, ಪ್ರತಿ ಬಾರಿಯೂ ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಆಕ್ಷೇಪಣೆ ಬಂದರೆ ಅದನ್ನು ಬರಹದಲ್ಲೇ ಕೇಳಿ ಪಡೆದು, ತಿದ್ದಿದ ದಾಖಲೆಯ ಜೊತೆಗೆ ಹಳೆಯ ಸ್ವೀಕೃತಿಯ ಪ್ರತಿಯನ್ನೂ ಲಗತ್ತಿಸಬೇಕು.