ಬ್ಲೋವರ್ ಹಿಡಿದು ಬೆಟ್ಟ ಗುಡಿಸಿದ ಕಥೆ

2024ರ ಮಾರ್ಚ್‌ನಲ್ಲಿ ಅಕೇಶಿಯಾ ನೆಡುತೋಪಿನ ಕಡೆಯಿಂದ ಎದ್ದ ಬೆಂಕಿ ನಮ್ಮ ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು, ಒಣ ಎಲೆ ತರಲು ಬಿಟ್ಟ ಕಾಡಿನ) ಅಂಚಿಗೆ ಬಂದು ನಿಂತಿತು. ತಾನಾಗಿಯೇ ನಿಂತಿತು. ನಾವು ಹಸಿ ಸೊಪ್ಪು ಹಿಡಿದು ಬಡಿದದ್ದು ಎರಡೇ ಕಡೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಶಿರಸಿ ಸೀಮೆಯಲ್ಲಿ ಹಳ್ಳಗಳೆಲ್ಲ ಬೇಗ ಒಣಗಿದ್ದವು. ಅಂಥ ವರ್ಷದಲ್ಲೇ, ಗಾಳಿ ಊದುವ ಬ್ಲೋವರ್‌ನಿಂದ ಬೆಟ್ಟದ ಅಂಚು ಗುಡಿಸಿಟ್ಟದ್ದು ಕೆಲಸ ಮಾಡಿತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ವರ್ಷ ನಗೆ ತಿಂದವನಿಗೆ ಸ್ವಲ್ಪ ಹೇಳಿಕೊಳ್ಳುವ ಹಕ್ಕು ಇದೆ ಅಲ್ವಾ.

ಬೆಟ್ಟ ಇದ್ದವರಿಗೆ ಹಿನ್ನೆಲೆ ಬೇಡ. ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಅನ್ನುವುದು ಹಳೆಯ ಲೆಕ್ಕ, ನನ್ನ ಪಾಲಿಗೆ ಬಂದದ್ದು ಹನ್ನೆರಡೋ ಹದಿಮೂರೋ ಎಕರೆ. ಅಪ್ಪನ ಕಾಲದಲ್ಲಿ ಇಷ್ಟು ಬೆಂಕಿ ಬೀಳುತ್ತಿರಲಿಲ್ಲ. ಆಗ ಕೊಟ್ಟಿಗೆಯಲ್ಲಿ ಹದಿನೈದು ದನ, ಕರಡ, ಅಂದರೆ ಬೆಟ್ಟದ ಒಣ ಹುಲ್ಲು, ಒಂದು ಎಸಳೂ ಉಳಿಯುತ್ತಿರಲಿಲ್ಲ. ದರಕು (ಉದುರಿದ ಒಣ ಎಲೆ) ಗುಡಿಸಲು ಮನೆತುಂಬ ಜನ. ಈಗ ಎರಡೇ ದನ, ಗುಡಿಸುವವರು ಯಾರೂ ಇಲ್ಲ. ಬೆಟ್ಟದ ತುಂಬ ಮೊಣಕಾಲುದ್ದ ಕರಡ, ಪಾದ ಮುಳುಗುವಷ್ಟು ದರಕು. ಬೀಡಿ ತುಂಡು ಸಾಕು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 2019ರಲ್ಲಿ ಬೆಂಕಿ ಹಾಕಿದವನು ನಾನೇ. ತೋಟದ ಅಂಚಿನ ಕಸ ಒಟ್ಟು ಮಾಡಿ ಮಧ್ಯಾಹ್ನ ಕಡ್ಡಿ ಗೀರಿದೆ, ಊಟಕ್ಕೆ ಹೋದೆ. ಪಡುವಣ ಗಾಳಿ ಎದ್ದಿತು. ಬೆಂಕಿ ಏರು ಹತ್ತುವ ವೇಗ ನೋಡಿದವರಿಗೇ ಗೊತ್ತು, ನಾವು ಓಡಿ ಹತ್ತಿದರೂ ಅದು ಮುಂದೆಯೇ ಇರುತ್ತದೆ. ಅಬ್ಬಿ ನೀರಿನ ಕರಿ ಪೈಪ್ ಸುಮಾರು 300 ಮೀಟರ್ ಕರಗಿ ಹಾವಿನ ಪೊರೆಯ ಹಾಗೆ ಬಿದ್ದಿತ್ತು. ಪೈಪಿಗೇ ಹದಿನಾಲ್ಕು ಸಾವಿರ ಹೋಯಿತು. ಅಂಚಿನ ಅಡಿಕೆ ಮರ ಇಪ್ಪತ್ತೈದು, ಕಾಳುಮೆಣಸಿನ ಬಳ್ಳಿ ಅರವತ್ತರ ಹತ್ತಿರ. ಅದೇ ಫೆಬ್ರವರಿಯಲ್ಲಿ ಬಂಡೀಪುರ ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟು, ವಾಯುಸೇನೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಟಿವಿಯಲ್ಲಿ ನೋಡಿ ಬೈದವನೂ ನಾನೇ.

ಮರುವರ್ಷ ಎಲ್ಲರ ಹಾಗೆ ಡಿಸೆಂಬರ್‌ನಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ಖಾಲಿ ಮಾಡಿದ ಪಟ್ಟಿ, ಕಡಿಸಿದೆ. 12 ಅಡಿ ಅಗಲ, 700 ಮೀಟರ್ ಉದ್ದ, ಆರು ಆಳು ಮೂರು ದಿನ. ಅಂಗಳದ ಹಾಗೆ ಚೊಕ್ಕ ಇತ್ತು. ಮಾರ್ಚ್‌ನಲ್ಲಿ ಬಂದ ಬೆಂಕಿ ಅದರ ಮೇಲೇ ನಡೆದುಕೊಂಡು ದಾಟಿತು! ಯಾಕೆ ಅಂತ ಆಮೇಲೆ ಬೂದಿಯಲ್ಲಿ ಕೂತು ಯೋಚಿಸಿದೆ. ಮತ್ತಿ, ಕಿಂದಲ ಎಲ್ಲ ಎಲೆ ಉದುರಿಸುವುದು ಡಿಸೆಂಬರ್ ಆದಮೇಲೆ. ನಾನು ಗುಡಿಸಿದ್ದು ಎಲೆ ಬೀಳುವ ಮೊದಲು. ಅಂದರೆ ಹತ್ತು ಸಾವಿರ ಕೊಟ್ಟು ದರಕು ಬೀಳಲು ಜಾಗ ಮಾಡಿಕೊಟ್ಟಿದ್ದೆ ಅಷ್ಟೇ.

ಹಾಗಾಗಿ 2021ರಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಬ್ಲೋವರ್ ತಂದೆ, ಹನ್ನೊಂದೂವರೆ ಸಾವಿರ. "ಎಂತ ಮಾರಾಯಾ, ಕಾಡಿಗೂ ಕಸಬರಿಗೆಯಾ?" ಅಂತ ಪಕ್ಕದ ಕೇರಿಯ ಭಾವ ನಕ್ಕ. ಮದುವೆಮನೆಯಲ್ಲೂ ಅದೇ ಮಾತು. ನಗಲಿ ಬಿಡಿ.

ಈಗ ನಾನು ಮಾಡುವುದು ಇಷ್ಟು. ನವೆಂಬರ್ ಕೊನೆಯಲ್ಲಿ ಕರಡ ಕೊಯ್ಯಿಸುತ್ತೇನೆ. ಜನವರಿ ನಡುವಿಗೆ ಒಂದು ಸಲ ಬ್ಲೋವರ್, ಫೆಬ್ರವರಿ ನಡುವಿಗೆ ಇನ್ನೊಂದು, ಮಾರ್ಚ್ ಮೊದಲ ವಾರ ಮೂರನೆಯದು. ಇಬ್ಬರು, ಎರಡು ದಿನ, ಮೂರು ಸಲ. ಆಳಿಗೆ 600ರ ಹಾಗೆ ಹಿಡಿದರೂ ಏಳು ಸಾವಿರ ಚಿಲ್ಲರೆ, ಪೆಟ್ರೋಲ್ ಇಪ್ಪತ್ತು ಲೀಟರ್ ಆಸುಪಾಸು. ಬೆಳಿಗ್ಗೆ ಇಬ್ಬನಿ ಇರುವಾಗ ಮಾಡಲು ಹೋಗಬೇಡಿ, ಒದ್ದೆ ಎಲೆ ಏಳುವುದಿಲ್ಲ. ಹತ್ತು ಗಂಟೆ ಮೇಲೆ ಶುರು ಮಾಡಿ. ಎಲೆಯನ್ನು ನಮ್ಮ ಬದಿಗೇ ಊದಬೇಕು, ಆಚೆಗೆ ಊದಿದರೆ ರೇಖೆಯ ಪಕ್ಕದಲ್ಲೇ ಬೆಂಕಿಗೆ ಮೇವು ಒಟ್ಟಿದ ಹಾಗೆ. ಒಟ್ಟಾದ ದರಕು ಪಿಕಪ್‌ನಲ್ಲಿ ತೋಟಕ್ಕೆ, ಸಲಕ್ಕೆ ಆರೇಳು ಲೋಡ್. ತೋಟಕ್ಕೆ ಹೇಗೂ ಬೇಕಾದ್ದೇ. ಮೊದಲು ಮನೆ ಹತ್ತಿರದ್ದು ತರುತ್ತಿದ್ದೆವು, ಈಗ ರೇಖೆಯದ್ದು ಮೊದಲು. ಬ್ಲೋವರ್ ಪೈಪಿನ ತುದಿಗೆ ನಾನೊಂದು ತಗಡಿನ ಮೂತಿ ಮಾಡಿಸಿದ್ದೇನೆ, ಅರ್ಧ ಕೆಲಸ ಅದೇ ಮಾಡುತ್ತದೆ. ಅದರ ಅಳತೆ ಮಾತ್ರ ಹೇಳುವುದಿಲ್ಲ, ಅದಕ್ಕೆ ಮೂರು ತಗಡು ಹಾಳು ಮಾಡಿದ್ದೇನೆ.

ಬೆಂಕಿ ಬಿದ್ದಮೇಲೆ ಬ್ಲೋವರ್ ಹಿಡಿಯುವ ವಿಷಯ. ಎರಡನೇ ವರ್ಷ ಹುಮ್ಮಸ್ಸಿನಲ್ಲಿ ಉರಿಯ ಎದುರಿಗೇ ನಿಂತು ಊದಿದೆ. ಒಲೆಗೆ ಊದಿದ ಹಾಗಾಯಿತು. ಬೆನ್ನಿನ ಮೇಲೆ ಪೆಟ್ರೋಲ್ ಟ್ಯಾಂಕ್ ಬೇರೆ. ಹುಬ್ಬು ಸುಟ್ಟಿತು, ಬದುಕಿದ್ದೇ ಪುಣ್ಯ. ಈಗ ಉರಿ ಬರುವ ಮೊದಲೇ ಮುಂದಿನ ಜಾಗ ಖಾಲಿ ಮಾಡುವುದಕ್ಕೆ ಮಾತ್ರ ಅದು. ಉರಿ ಆರಿಸುವುದಕ್ಕೆ ಹಸಿ ಸೊಪ್ಪು, ಮತ್ತೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು, 200 ಲೀಟರ್ ಡ್ರಮ್ ಸಮೇತ ಪಿಕಪ್ ಮೇಲೆ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಯ ದಾರಿಯನ್ನು ನಾವೇ ಮೊದಲು ಸುಟ್ಟುಬಿಡುವ ಧೈರ್ಯ ನನಗಿಲ್ಲ, ಅದು ಹಿರಿಯರ ಕೆಲಸ, ಫಾರೆಸ್ಟ್ ಗಾರ್ಡ್ ಜೊತೆಗಿದ್ದರೆ ಮಾತ್ರ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾತ್ರ ಮೊದಲೇ ಮಾಡಿಬಿಡಬೇಕು. ಒಣ ಕುಂಟೆ, ಅಂದರೆ ಸತ್ತು ಒಣಗಿದ ಮರ, ನೋಡಿಕೊಳ್ಳಿ. 2024ರಲ್ಲಿ ಬೆಂಕಿ ದಾಟಲು ನೋಡಿದ ಎರಡು ಕಡೆಯೂ ರೇಖೆಯ ಪಕ್ಕ ಸತ್ತ ಮರ ಇತ್ತು. ಪೊಟರೆಯೊಳಗೆ ಮೂರು ದಿನ ಹೊಗೆಯಾಡಿ, ಒಂದು ಮರ ಅಡ್ಡ ಬಿದ್ದು ಕೆಂಡ ಈಚೆಗೆ ಸಿಡಿಯಿತು. ಕಾದು ಕೂತಿದ್ದಕ್ಕೆ ಉಳಿಯಿತು.

ನಡುವೆ ಮಾಡಿದ ಹುಚ್ಚುಗಳೂ ಇವೆ. ರೇಖೆಯುದ್ದಕ್ಕೂ ಅನಾನಸ್ ನೆಟ್ಟರೆ ಹಸಿರು ಬೇಲಿ ಆಗುತ್ತದೆ ಅಂತ ಇನ್ನೂರು ಕಂದು ಹಾಕಿದೆ, ಮುಳ್ಳುಹಂದಿ ಹಬ್ಬ ಮಾಡಿತು. ಸಗಣಿ ನೀರು ಹೊಡೆದು ನೋಡಿದೆ, ಎರಡು ದಿನದ ಬಿಸಿಲಿಗೆ ಅದೂ ಬೆರಣಿ. ಉಪಗ್ರಹದಿಂದ ಬೆಂಕಿ ಪತ್ತೆ ಮಾಡಿ ಇಮೇಲ್ ಕಳಿಸುತ್ತಾರೆ, ನಾಸಾದ ಫರ್ಮ್ಸ್, ಪುಕ್ಕಟೆ. ಮಗ ನೋಂದಾಯಿಸಿ ಕೊಟ್ಟ. ಅದರ ಒಂದು ಚುಕ್ಕಿ ಅಂದರೆ 375 ಮೀಟರ್ ಚೌಕ, ಹತ್ತಿರ ಹತ್ತಿರ 35 ಎಕರೆ. ನನ್ನ ಇಡೀ ಬೆಟ್ಟ ಅದರ ಅರ್ಧವೂ ಅಲ್ಲ. ಸುದ್ದಿ ಬರುವಷ್ಟರಲ್ಲಿ ಎರಡು ಮೂರು ತಾಸು ಕಳೆದಿರುತ್ತದೆ. ದೊಡ್ಡ ಕಾಡಿಗೆ ಸರಿ, ನನಗೆ ಮಾವಿನಮರದ ತುದಿಯಲ್ಲಿ ಹೊಗೆ ಕಾಣುವುದೇ ಬೇಗ.

ಬೆಂಕಿ ಹಾಕಬೇಡಿ ಅಂತ ಪ್ರತಿ ವರ್ಷ ಆಟೋದಲ್ಲಿ ಮೈಕ್ ಕಟ್ಟಿ ಕೂಗುತ್ತಾರೆ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕಿದರೆ ಕೇಸು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹೆದರಿದವನು ಕೈತಪ್ಪಿದ ಬೆಂಕಿಯನ್ನು ಹೇಳದೆ ಓಡುತ್ತಾನೆ, ಅದೇ ತೊಂದರೆ. ನಮ್ಮ ಕೇರಿಯಲ್ಲಿ ನಾವೇ ಒಂದು ಕಟ್ಟು ಮಾಡಿಕೊಂಡೆವು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದಮೇಲೆ ಯಾರೂ ಕಡ್ಡಿ ಗೀರುವ ಹಾಗಿಲ್ಲ, ಗದ್ದೆ ಬದುವಿಗೂ ಇಲ್ಲ. ಅದಕ್ಕೆ ಮೊದಲಾದರೆ ಬೆಳಿಗ್ಗೆ ಎಂಟರೊಳಗೆ, ಇಬ್ಬರಿಗೆ ಹೇಳಿ, ಕೊಡಪಾನ ನೀರು ಇಟ್ಟುಕೊಂಡು. ಹೊಸ ಹುಲ್ಲು ಚಿಗುರಲಿ ಅಂತ ಬೆಂಕಿ ಕೊಡುವ ದನದವರಿಗೆ ನವೆಂಬರ್ ಕರಡ ಪೂರ್ತಿ ಪುಕ್ಕಟೆ ಕೊಟ್ಟೆ, ಕೊಯ್ದುಕೊಂಡು ಹೋಗಿ ಅಂತ. ಮೊದಲ ವರ್ಷ ಯಾರೂ ಬರಲಿಲ್ಲ, ನಾನೇ ಕೂಲಿ ಕೊಟ್ಟು ಕೊಯ್ಯಿಸಿದೆ. ಎರಡನೇ ವರ್ಷ ಹೇಗೆ ಒಪ್ಪಿಸಿದೆ ಅನ್ನುವುದು ಊರಿನ ವಿಷಯ, ಇಲ್ಲಿ ಬೇಡ. ಈಗ ಹೊಗೆ ಕಂಡರೆ ಮೊದಲು ಫೋನ್ ಬರುವುದು ಅವರದ್ದೇ.

ಈ ವರ್ಷ ಜನವರಿಯಲ್ಲಿ ಅದೇ ಭಾವ ಬಂದು, ಎರಡು ದಿನಕ್ಕೆ ಆ ಕಸಬರಿಗೆ ಕೊಡು ಅಂದ. ಕೊಟ್ಟೆ. ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾನೆ, ಪಿಸ್ಟನ್ ಹಿಡಿದುಕೊಂಡಿತು. ರಿಪೇರಿಗೆ ಮೂರು ಸಾವಿರ ಆಯಿತು. ಅಕ್ಕನ ಗಂಡ, ಕೇಳುವ ಹಾಗೂ ಇಲ್ಲ.